ಕೊಣನೂರಿನಲ್ಲಿ ಮುತ್ತಜ್ಜನನ್ನು ಹುಡುಕುವ ಬಗೆ

ಅರಕಲಗೂಡಿನ ಕಡೆಯಿಂದ ಬಂದ ಬಸ್ಸು ಕೊಣನೂರಿನಲ್ಲಿ ನಿಂತಾಗ, ಇಳಿದ ಹೊಸಬನಿಗೆ ಮೊದಲು ಎದುರಾಗುವುದು ಹೊಳೆಯಲ್ಲ, ಗುಡಿಯೂ ಅಲ್ಲ, ಒಂದು ಪ್ರಶ್ನೆ. ಅಂಗಡಿಯ ಜಗಲಿಯ ಮೇಲೆ ಕುಳಿತ ಹಿರಿಯರು ಕನ್ನಡಕವನ್ನು ಸರಿಮಾಡಿಕೊಂಡು, “ಯಾವೂರಾಯ್ತು? ಯಾರ ಪೈಕಿ?” ಎಂದು ಕೇಳುತ್ತಾರೆ. ಹೆಸರನ್ನು ಕೇಳುವುದು ಆಮೇಲಿನ ಮಾತು. ಹೆಸರು ಒಬ್ಬನದು, ಪೈಕಿ ಎಂಬುದಾದರೋ ಇಡೀ ಬಳ್ಳಿಯದು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಎರಡು ತಲೆಮಾರು ಕಳೆದ ಮನೆತನದ ಮಗ ಈ ಪ್ರಶ್ನೆಗೆ ತಂದೆಯ ಹೆಸರನ್ನು ಧೈರ್ಯವಾಗಿ ಹೇಳುತ್ತಾನೆ. ತಾತನ ಹೆಸರನ್ನು ನೆನಪು ಮಾಡಿಕೊಂಡು ಹೇಳುತ್ತಾನೆ. ಮುತ್ತಾತನಲ್ಲಿಗೆ ಬಂದಾಗ ತಡವರಿಸುತ್ತಾನೆ. ಅವನು ಬಂದಿರುವುದೇ ಆ ಮುತ್ತಾತನನ್ನು ಹುಡುಕಿಕೊಂಡು.

ಇಂಥ ಹುಡುಕಾಟ ಈಗೀಗ ಹೆಚ್ಚಾಗಿದೆ. ಕೆಲವರಿಗೆ ಅದು ಅಭಿಮಾನದ ವಿಷಯ, ಕೆಲವರಿಗೆ ಆಸ್ತಿಯ ವಿಷಯ. ಪಿತ್ರಾರ್ಜಿತ ಜಮೀನಿನ ಪಾಲಿಗಾಗಿ ವಂಶವೃಕ್ಷದ ಪ್ರಮಾಣಪತ್ರವನ್ನು ಕೇಳಿಕೊಂಡು ಹೋಬಳಿಯ ನಾಡಕಚೇರಿಗೆ ಅಲೆದವರಿಗೆ ಗೊತ್ತು, ಒಬ್ಬ ಮುತ್ತಾತನ ಹೆಸರು ಎಷ್ಟು ಬೆಲೆ ಬಾಳುತ್ತದೆಂಬುದು. ಆದರೆ ಅಭಿಮಾನದಿಂದ ಬಂದವನೂ ಆಸ್ತಿಗಾಗಿ ಬಂದವನೂ ಮಾಡುವ ತಪ್ಪು ಒಂದೇ. ಇಬ್ಬರೂ ಹೆಸರನ್ನು ಹುಡುಕುತ್ತಾರೆ. ಆ ಹೆಸರನ್ನು ಬರೆದಿಟ್ಟ ಕೈ ಯಾರದು, ಆ ಕೈಗೆ ಸಂಬಳ ಕೊಟ್ಟ ದೊರೆ ಯಾರು ಎಂದು ಕೇಳುವುದಿಲ್ಲ. ಕೊಣನೂರಿನಂಥ ಊರಿನಲ್ಲಿ ಅದನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ.

ಊರು ಕಾವೇರಿಯ ದಂಡೆಯ ಮೇಲಿದೆ. ಹೊಳೆಗೆ ತೂಗುಸೇತುವೆಯುಂಟು, ಅದರ ಮೇಲೆ ನಿಂತರೆ ಕಾಲಿನ ಕೆಳಗೆ ನೀರು, ಕಣ್ಣಿನ ಮುಂದೆ ಮೂರು ಸೀಮೆ. ಮೇಲಕ್ಕೆ ಹೊಳೆ ಬಂದ ದಿಕ್ಕಿಗೆ ಸ್ವಲ್ಪ ದೂರ ನಡೆದರೆ ಶಿರಂಗಾಲ, ಹೆಬ್ಬಾಲೆ, ಕೂಡಿಗೆ, ಅದು ಕೊಡಗು. ಹೊಳೆಯಾಚೆಗೆ ಬೆಟ್ಟದಪುರದ ಬೆಟ್ಟವನ್ನು ನೋಡಿಕೊಂಡು ಹೋದರೆ ಪಿರಿಯಾಪಟ್ಟಣದ ಸೀಮೆ. ಅದು ಮೈಸೂರು ಜಿಲ್ಲೆ. ಈಚೆಗೆ ಅರಕಲಗೂಡು, ಅದರಾಚೆ ಹೇಮಾವತಿ, ಇದು ಹಾಸನ. ಸುತ್ತಿನ ಹೊಲಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತದೆ, ಹದಮಾಡಿದ ಸೊಪ್ಪು ರಾಮನಾಥಪುರದ ಹರಾಜಿಗೆ ಹೋಗುತ್ತದೆ. ಕಾಲುವೆಯ ಕೆಳಗೆ ಬತ್ತದ ಗದ್ದೆ. ನೋಟಕ್ಕೆ ಎಲ್ಲವೂ ಒಂದೇ ನಾಡು. ಕಾಗದದಲ್ಲಿ ಮಾತ್ರ ಅದು ಎಂದೂ ಒಂದಾಗಿರಲಿಲ್ಲ.

ಕಾವೇರಿ ಹೇಮಾವತಿಗಳ ನಡುವಣ ಈ ನೆಲಕ್ಕೂ ಇದಕ್ಕೆ ತಾಗಿದ ಕೊಡಗಿನ ಉತ್ತರ ಭಾಗಕ್ಕೂ ಸೇರಿ ಹಿಂದೆ ಕೊಂಗಾಳ್ನಾಡು ಎಂದು ಹೆಸರು. ಗಂಗರ ಕಾಲದಲ್ಲಿಯೇ ‘ಕೊಂಗಾಳ್ನಾಡು ಎಂಟು ಸಾಸಿರ’ವೆಂದು ಇದನ್ನು ಕರೆಯುತ್ತಿದ್ದರು. ಈ ನಾಡನ್ನು ಹನ್ನೊಂದನೆಯ ಶತಮಾನದಲ್ಲಿ ಆಳಿದವರು ಕೊಂಗಾಳ್ವರು. ಅವರ ಶಾಸನಗಳಲ್ಲಿ ಕಾಣುವ ಹೆಸರುಗಳನ್ನು ಮೇಲೆಮೇಲೆ ಓದಿದವನು ಅವರನ್ನು ಕಾವೇರಿಯ ಇನ್ನೊಂದು ತುದಿಯಿಂದ ಬಂದವರೆಂದೇ ತಿಳಿದಾನು. ರಾಜೇಂದ್ರಚೋಳ ಪೃಥುವೀ ಕೊಂಗಾಳ್ವ, ರಾಜಾಧಿರಾಜ ಕೊಂಗಾಳ್ವ ಎಂಬ ಹೆಸರುಗಳು ಅವರವು. ಸೂರ್ಯವಂಶದವರು, ಚೋಳಕುಲದವರು, ಒರೆಯೂರಿನ ಒಡೆಯರು ಎಂಬ ಬಿರುದುಗಳೂ ಅವರಿಗೆ ಉಂಟು. ಒರೆಯೂರು ಎಂದರೆ ತಿರುಚಿರಾಪಳ್ಳಿಯ ಮಗ್ಗುಲಿನ ಉರೈಯೂರು, ಚೋಳರ ಪುರಾತನ ರಾಜಧಾನಿ. ಇನ್ನೇನು ಬೇಕು? ವಂಶಾವಳಿ ಬರೆಯುವವನಿಗೆ ಮೂಲಪುರುಷ ಸಿಕ್ಕಿದ, ಮೂಲಸ್ಥಾನ ಸಿಕ್ಕಿತು, ಊಟಕ್ಕೆ ಏಳಬಹುದು.

ಅವನು ಏಳುವ ಮೊದಲು ಕೊಡಗಿನ ಇನ್ನೊಂದು ಶಾಸನವನ್ನು ಓದಬೇಕು. ಕ್ರಿ.ಶ. 1004ರ ಸುಮಾರಿನಲ್ಲಿ, ರಾಜರಾಜ ಚೋಳನ ಆಳಿಕೆಯಲ್ಲಿ, ಚೋಳರ ದಂಡನಾಯಕ ಪಂಚವ ಮಹಾರಾಯನು ಚಂಗಾಳ್ವರ ಮೇಲೆ ನಡೆಸಿದ ಕಾಳಗದ ಸಂಗತಿ ಅದರಲ್ಲಿದೆ. ಕಾಳಗ ನಡೆದದ್ದು ಪನಸೋಗೆಯಲ್ಲಿ. ಇಂದು ಹನಸೋಗೆಯೆಂದು ಹೆಸರಾದ ಆ ಊರು ಕೊಣನೂರಿಗೆ ಕೆಳಗೆ ಇದೇ ಹೊಳೆಯ ದಾರಿಯಲ್ಲಿದೆ. ಅಲ್ಲಿ ಮನಿಜ ಎಂಬ ವೀರನೊಬ್ಬ ಮೆಚ್ಚುವಂತೆ ಹೋರಾಡಿದ. ಸುದ್ದಿ ಚೋಳ ಚಕ್ರವರ್ತಿಗೆ ಮುಟ್ಟಿತು. ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಪಟ್ಟವನ್ನೂ ಮಾಳವ್ವಿಯೆಂಬ ಊರನ್ನೂ ಅವನಿಗೆ ಕೊಡುವಂತೆ ಅಪ್ಪಣೆಯಾಯಿತು. ಮಾಳವ್ವಿಯೆಂದರೆ ಇಂದಿನ ಸೋಮವಾರಪೇಟೆ ತಾಲ್ಲೂಕಿನ ಮಾಳಂಬಿ.

ಮನಿಜ ಎಂಬ ಹೆಸರಿನಲ್ಲಿ ಒರೆಯೂರಿನ ವಾಸನೆಯೇನೂ ಇಲ್ಲ. ಸೂರ್ಯನೂ ಇಲ್ಲ. ಕತ್ತಿ ಹಿಡಿದ ಒಬ್ಬ ಆಳು, ಅವನ ಪರಾಕ್ರಮ, ಅದಕ್ಕೆ ದೊರೆತ ಒಂದು ಊರು, ಒಂದು ಬಿರುದು; ಮನೆತನದ ನಿಜವಾದ ಆರಂಭ ಅಷ್ಟೇ. ಮುಂದಿನ ತಲೆಮಾರುಗಳು ಆಳರಸರ ಹೆಸರುಗಳನ್ನು ಇಟ್ಟುಕೊಂಡವು. ಹೆಸರು ಬಂದ ಮೇಲೆ ಕುಲ ಬಂತು, ಕುಲ ಬಂದ ಮೇಲೆ ರಾಜಧಾನಿಯೂ ಬಂತು. ತಲಕಾಡು ಚೋಳರ ಕೈ ಸೇರಿದ್ದು 1004ರ ಸುಮಾರು. ಹೊಯ್ಸಳ ವಿಷ್ಣುವರ್ಧನ ಅದನ್ನು ಬಿಡಿಸಿಕೊಂಡದ್ದು 1116ರ ಸುಮಾರು. ನೂರು ಚಿಲ್ಲರೆ ವರ್ಷಗಳ ಪರರ ಪ್ರಭುತ್ವ ಒಂದು ಕನ್ನಡ ಮನೆತನಕ್ಕೆ ಹೊಸ ತಾತಂದಿರನ್ನೇ ಒದಗಿಸಿಕೊಟ್ಟಿತು! ಇದನ್ನು ಮೋಸವೆಂದು ಜರೆಯಬೇಕಾಗಿಲ್ಲ. ಆ ಕಾಲದ ಮಾಂಡಲಿಕನಿಗೆ ಅದು ಮರ್ಯಾದೆಯ ಮಾತು. ಆದರೆ ಶಾಸನದಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಅದನ್ನು ರಕ್ತಸಂಬಂಧವೆಂದು ನಂಬಿದವನು, ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಕಲ್ಲಿನಷ್ಟು ಗಟ್ಟಿಯೆಂದು ನಂಬಿದಂತಾಯಿತು.

ಇಲ್ಲಿ ಒಂದು ಸೊಗಸಾದ ಸಂಗತಿಯುಂಟು. ಶನಿವಾರಸಂತೆಯ ಹತ್ತಿರ ಮುಳ್ಳೂರು ಎಂಬ ಊರಿದೆ. ಕೊಂಗಾಳ್ವರು ಜೈನರು; ಅವರ ಬಸದಿಗಳು ಅಲ್ಲಿ ಇಂದಿಗೂ ನಿಂತಿವೆ. ಅಲ್ಲಿನ 1058ರ ಶಾಸನ ರಾಜೇಂದ್ರ ಕೊಂಗಾಳ್ವನ ದತ್ತಿಯನ್ನು ಹೇಳುತ್ತದೆ. ಅವನ ತಾಯಿಯ ಹೆಸರೂ ಅಲ್ಲಿಯ ಶಾಸನಗಳಲ್ಲಿ ಬಂದಿದೆ: ಪೋಚಬ್ಬರಸಿ. ಗುಣಸೇನ ಪಂಡಿತರ ಶಿಷ್ಯೆಯಾದ ಧರ್ಮಾತ್ಮಳು ಆಕೆ. ಮಗನಿಗೆ ದಿಗ್ವಿಜಯಿಯಾದ ತಮಿಳು ಚಕ್ರವರ್ತಿಯ ಹೆಸರು, ತಾಯಿಗೆ ಅಚ್ಚಗನ್ನಡದ ‘ಅಬ್ಬೆ’ ಕೂಡಿದ ಹೆಸರು. ಆಳಿದವರ ಮೊಹರು ಗಂಡಸರ ಹೆಸರಿನ ಮೇಲೆ ಬಿದ್ದಿತು. ಹೆಂಗಸರ ಹೆಸರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅದು ಹಾಗೆಯೇ ಉಳಿಯಿತು. ಶಾಸನಗಳ ಭಾಷೆಯೂ ಕನ್ನಡವಾಗಿಯೇ ಉಳಿಯಿತೆಂಬುದನ್ನು ಮರೆಯಬಾರದು. ಅರಕಲಗೂಡು ತಾಲ್ಲೂಕಿನಲ್ಲಿ ದೊರೆತ 1079ರ ಶಾಸನ ಅದಟರಾದಿತ್ಯನೆಂಬ ಕೊಂಗಾಳ್ವನದು. ಅದನ್ನು ರಚಿಸಿದ ಸಂಧಿವಿಗ್ರಹಿ ನಕುಲಾರ್ಯ ನಾಲ್ಕು ಭಾಷೆಗಳನ್ನು ಬಲ್ಲವನೆಂದು ಹೆಸರಾದವನು. ದೊರೆ ಯಾವ ಕುಲದವನೆಂದು ಬರೆಯಬೇಕೆಂಬುದು ಇಂಥ ವಿದ್ವಾಂಸರಿಗೆ ಚೆನ್ನಾಗಿ ಗೊತ್ತಿದ್ದಿರಬೇಕು.

ಹಾಗಾದರೆ ಈ ಹೊಳೆದಂಡೆಯಲ್ಲಿ ತಮಿಳುಸೀಮೆಯಿಂದ ಬಂದವರು ಯಾರೂ ಇಲ್ಲವೆ? ಧಾರಾಳವಾಗಿ ಇದ್ದಾರೆ. ಆದರೆ ಅವರು ಅದನ್ನು ಕಲ್ಲಿನಲ್ಲಿ ಕೆತ್ತಿಸಲಿಲ್ಲ, ನಾಲಗೆಯಲ್ಲಿ ಇಟ್ಟುಕೊಂಡರು. ಕೊಣನೂರಿನ ಆಸುಪಾಸಿನ ಹೊಳೆದಂಡೆಯ ಊರುಗಳಲ್ಲಿಯೂ ಬೆಟ್ಟದಪುರದ ಸೀಮೆಯಲ್ಲಿಯೂ ಸಂಕೇತಿಗಳ ಮನೆಗಳುಂಟು. ಶೆಂಗೋಟೆಯ ಕಡೆಯಿಂದ, ಪಶ್ಚಿಮ ಘಟ್ಟದ ದಕ್ಷಿಣ ತುದಿಯಿಂದ, ಹಲವು ಶತಮಾನಗಳ ಹಿಂದೆ ವಲಸೆ ಬಂದವರು ಇವರು. ವಲಸೆಯ ಕಥೆಯಲ್ಲಿ ನಾಚಾರಮ್ಮನೆಂಬ ವಿದುಷಿಯ ಹೆಸರು ಬರುತ್ತದೆ. ಕಥೆಯಲ್ಲಿ ಎಷ್ಟು ಪಾಲು ಇತಿಹಾಸ, ಎಷ್ಟು ಪಾಲು ಭಕ್ತಿ ಎಂದು ತೂಗಿ ನೋಡುವುದು ಕಷ್ಟ. ಆದರೆ ಮನೆಯೊಳಗೆ ಆಡುವ ಮಾತು ಸುಳ್ಳು ಹೇಳುವುದಿಲ್ಲ. ತಮಿಳು ಮಲಯಾಳಗಳ ಬೇರಿಗೆ ಕನ್ನಡದ ಕೊಂಬೆ ಕಸಿಯಾದ ಆ ಮಾತು ಇಂದಿಗೂ ಅಡಿಗೆಮನೆಗಳಲ್ಲಿ ಬದುಕಿದೆ. ಬೀದಿಗೆ ಬಂದರೆ ಕನ್ನಡ, ಪೂಜೆಗೆ ಕುಳಿತರೆ ಸಂಸ್ಕೃತ, ಮಗುವನ್ನು ಗದರಿಸುವಾಗ ಸಂಕೇತಿ. ಯಾವ ದೊರೆಯ ಮೆಚ್ಚಿಗೆಗಾಗಿಯೂ ಹುಟ್ಟಿದ ದಾಖಲೆಯಲ್ಲ ಇದು. ಆದುದರಿಂದಲೇ ಒರೆಯೂರಿನ ಬಿರುದಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಇದೇ ಸೀಮೆಯ ರುದ್ರಪಟ್ಟಣ ಸಂಗೀತಕ್ಕೆ ಹೆಸರಾದ ಊರು. ಆರ್. ಕೆ. ಶ್ರೀಕಂಠನ್ ಅವರು ಅಲ್ಲಿ ಹುಟ್ಟಿದವರು. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ತೋರಿಸಿದ ಆರ್. ಶಾಮಶಾಸ್ತ್ರಿಗಳೂ ಅಲ್ಲಿಯವರೇ. ಇಬ್ಬರ ಹೆಸರಿನ ಮೊದಲಿನ ‘ಆರ್.’ ರುದ್ರಪಟ್ಟಣ. ಇಡೀ ಊರನ್ನು ಒಂದು ಇಂಗ್ಲಿಷ್ ಅಕ್ಷರದೊಳಗೆ ಮಡಿಸಿಡುವ ಈ ಪದ್ಧತಿ ಇನ್ನೊಂದು ಪರಪ್ರಭುತ್ವದ ಗುರುತು. ಇಂಗ್ಲಿಷ್ ಶಾಲೆಯ ಹಾಜರಿ ಪುಸ್ತಕಕ್ಕೆ ಊರಿನ ಹೆಸರು, ತಂದೆಯ ಹೆಸರು, ಮಗನ ಹೆಸರು ಇಷ್ಟುದ್ದ ಹಿಡಿಸಲಿಲ್ಲ. ಊರೂ ತಂದೆಯೂ ಒಂದೊಂದು ಅಕ್ಷರವಾಗಿ ಕುಗ್ಗಿದರು. ಪುಣ್ಯಕ್ಕೆ ರುದ್ರಪಟ್ಟಣದವರನ್ನು ಲೋಕ ಬಲ್ಲದು. ಹೆಸರು ಮಾಡದ ಒಬ್ಬ ಗುಮಾಸ್ತೆಯ ಹಳೆಯ ಕಾಗದದಲ್ಲಿ ‘ಕೆ.’ ಎಂದಿದ್ದರೆ ಅದು ಕೊಣನೂರೋ, ಕೇರಳಾಪುರವೋ, ಕಟ್ಟೇಪುರವೋ, ಅಥವಾ ಊರೇ ಅಲ್ಲದೆ ಕೃಷ್ಣಪ್ಪನೆಂಬ ತಂದೆಯೋ? ಮೊಮ್ಮಗ ತಲೆ ಕೆರೆದುಕೊಳ್ಳಬೇಕು.

ಇಂಥ ಫಜೀತಿ ಕನ್ನಡನಾಡಿಗೆ ಮಾತ್ರ ಮೀಸಲಾದುದಲ್ಲ. ಯೂರೋಪಿನ ಬಡಗಣ ಮೂಲೆಯ ಫಿನ್‌ಲೆಂಡ್ ಆರು ಶತಮಾನಗಳಿಗೂ ಮೀರಿ ಸ್ವೀಡನ್ನಿನ ಆಳಿಕೆಯಲ್ಲಿತ್ತು. 1809ರಲ್ಲಿ ಅದು ರಷ್ಯದ ಚಕ್ರವರ್ತಿಯ ಕೈಗೆ ಹೋಗಿ, 1917ರಲ್ಲಿ ಸ್ವತಂತ್ರವಾಯಿತು. ಸ್ವೀಡನ್ನಿನ 1686ರ ಚರ್ಚಿನ ಕಾನೂನಿನಂತೆ ಅಲ್ಲಿಯ ಪಾದ್ರಿಗಳು ತಮ್ಮ ತಮ್ಮ ಊರಿನ ಹುಟ್ಟು, ಮದುವೆ, ಸಾವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕಾಯಿತು. ವಂಶಶೋಧಕರ ಪಾಲಿಗೆ ಅದು ದೊಡ್ಡ ನಿಧಿ. ಆದರೆ ಬರೆದ ಭಾಷೆ ಸ್ವೀಡಿಷ್. ಬದುಕಿದವರ ಭಾಷೆ ಫಿನ್ನಿಷ್. ಮನೆಯಲ್ಲಿ ಮತ್ತಿಯಾಗಿದ್ದ ರೈತ ಪುಸ್ತಕದಲ್ಲಿ ಮಾತ್ಸ್ ಆದ. ತುರ್ಕು ಪಟ್ಟಣ ಓಬು ಆಯಿತು. ದೇಶದ ಪಡುವಣ ಭಾಗದಲ್ಲಿ ರೈತನಿಗೆ ಹೊಲಮನೆಯ ಹೆಸರೇ ಮನೆತನದ ಹೆಸರು. ಮನೆ ಬದಲಾಯಿಸಿದರೆ ಹೆಸರೂ ಬದಲು. ಸಾಲದೆಂಬಂತೆ 1906ರಲ್ಲಿ ರಾಷ್ಟ್ರಾಭಿಮಾನದ ಅಲೆಯೊಂದು ಎದ್ದು, ಸಾವಿರಾರು ಮನೆತನಗಳು ತಮ್ಮ ಸ್ವೀಡಿಷ್ ಹೆಸರುಗಳನ್ನು ಕಿತ್ತೊಗೆದು ಫಿನ್ನಿಷ್ ಹೆಸರುಗಳನ್ನು ಧರಿಸಿದವು. ಸ್ವೀಡನ್ನಿನ ಆಳಿಕೆಯ ಕಥೆಯನ್ನು ಓದದೆ ಆ ನಾಡಿನಲ್ಲಿ ಒಬ್ಬ ಮುತ್ತಜ್ಜನನ್ನೂ ಹಿಡಿಯಲಾಗದು. ಅಲ್ಲಿ ಒಂದು ಆಳಿಕೆ, ಒಂದು ಭಾಷೆ, ಒಂದು ಪುಸ್ತಕ. ಕೊಣನೂರಿನ ಕಷ್ಟವೆಂದರೆ ಇಲ್ಲಿ ಆಳಿಕೆಗಳೂ ಹಲವು, ಭಾಷೆಗಳೂ ಹಲವು, ಪುಸ್ತಕ ಮಾತ್ರ ಒಂದೂ ಪೂರ್ತಿಯಿಲ್ಲ.

ಹೊಯ್ಸಳರು ಬಲಿತ ಮೇಲೆ ಕೊಂಗಾಳ್ವರು ಮಸುಕಾದರು, ಮುಂದೆ ವಿಜಯನಗರ, ವಿಜಯನಗರದ ನೆರಳಿನಲ್ಲಿ ಪಾಳೆಯಗಾರರು. ಅರಕಲಗೂಡಿನ ಕೋಟೆಯನ್ನು 1568ರಲ್ಲಿ ಕಟ್ಟಿದವನು ಐಗೂರು ಮನೆತನದ ಕೃಷ್ಣಪ್ಪನಾಯಕ. 1647ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಅದನ್ನು ಹಿಡಿದರು. ಕೆಳದಿಯ ಶಿವಪ್ಪನಾಯಕನೂ ಅದರ ಮೇಲೆ ಕಣ್ಣಿಟ್ಟ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1694ರಲ್ಲಿ, ಅದು ಮೈಸೂರಿಗೆ ಖಾಯಮ್ಮಾಗಿ ಸೇರಿತು. ಹೈದರನ ಕಾಲಕ್ಕೆ ಮೇಲಿನ ಕಚೇರಿಗಳಲ್ಲಿ ಮರಾಠಿಯ ಲೆಕ್ಕ, ಮೋಡಿಯ ಬರೆಹ. ಟೀಪುವಿನ ಕಾಲಕ್ಕೆ ಪಾರಸಿ. ಊರುಗಳಿಗೂ ಹೊಸ ಹೆಸರು, ವರ್ಷಗಳಿಗೂ ಹೊಸ ಲೆಕ್ಕ. ಮಡಿಕೇರಿ ಜಾಫರಾಬಾದ್ ಆದದ್ದು ಆಗ. 1831ರಲ್ಲಿ ಮೈಸೂರಿನ ಆಡಳಿತವನ್ನು ಇಂಗ್ಲಿಷರು ಕೈಗೆತ್ತಿಕೊಂಡು 1881ರವರೆಗೆ ಕಮಿಷನರುಗಳ ಮೂಲಕ ಆಳಿದರು. ಆಗ ಮೇಲಿನ ಕಾಗದ ಇಂಗ್ಲಿಷಿಗೆ ತಿರುಗಿತು. ಒಂದೇ ಮನೆತನದ ಐದು ತಲೆಮಾರು ಐದು ಲಿಪಿಗಳಲ್ಲಿ ಚೆದುರಿಹೋಗಿರಬಹುದು. ಮನೆಯವರಿಗೆ ಬರುತ್ತಿದ್ದುದು ಮಾತ್ರ ಒಂದೇ ಲಿಪಿ, ಅದೂ ಬಂದವರಿಗೆ.

ಕೊಡಗಿನ ಗಡಿ ಇನ್ನೊಂದು ತೊಡಕು. ಕೊಣನೂರಿನವರು ಶಿರಂಗಾಲಕ್ಕೆ ಹೆಣ್ಣು ಕೊಡುವುದು, ಹೆಬ್ಬಾಲೆಯಿಂದ ಹೆಣ್ಣು ತರುವುದು ನೆರೆಮನೆಯಿಂದ ಬೆಂಕಿ ತಂದಷ್ಟು ಸಹಜ. ಆದರೆ ಆ ಮದುವೆಯ ದಿಬ್ಬಣ ದಾಟಿದ್ದು ಎರಡು ರಾಜ್ಯಗಳ ಗಡಿಯನ್ನು. ಒಂದು ಕಡೆ ಮೈಸೂರು, ಇನ್ನೊಂದು ಕಡೆ ಹಾಲೇರಿ ಅರಸರ ಕೊಡಗು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ನೇರವಾಗಿ ತಮ್ಮ ವಶಕ್ಕೆ ತೆಗೆದುಕೊಂಡರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರುವವರೆಗೂ ಅಲ್ಲಿಯ ಕಾಗದ ಬೇರೆ, ಇಲ್ಲಿಯ ಕಾಗದ ಬೇರೆ. ಕುಶಾಲನಗರವೂ ಇಂಗ್ಲಿಷರ ಕಾಗದಗಳಲ್ಲಿ ಕರ್ನಲ್ ಫ್ರೇಜರನ ಹೆಸರಿನಿಂದ ಫ್ರೇಜರ್‌ಪೇಟೆ. ಅಜ್ಜಿಯ ತವರನ್ನು ಹುಡುಕಿ ಹಾಸನದ ಕಚೇರಿಯಲ್ಲಿ ಬೆವರು ಸುರಿಸುವವನು ಹೋಗಬೇಕಾದದ್ದು ಮಡಿಕೇರಿಗೆ. ಅಲ್ಲಿ ಅವನಿಗೆ ಒಂದು ಅನುಕೂಲವೂ ಉಂಟು: ಲಿಂಗರಾಜೇಂದ್ರನು 1812ರಲ್ಲಿ ಮಾಡಿಸಿದ ಜಮೀನಿನ ಸಿಸ್ತು. ಒಬ್ಬೊಬ್ಬ ಒಕ್ಕಲಿನ ಹಿಡುವಳಿಯನ್ನೂ ಬಿಡದೆ ಬರೆಸಿದ ಲೆಕ್ಕ ಅದು. ಆ ಅರಸನ ಕಟ್ಟುನಿಟ್ಟಿನ ಕಥೆಗಳನ್ನು ಕೇಳಿದವರು ಅವನನ್ನು ಹೊಗಳುವುದು ಕಡಮೆ. ಆದರೆ ವಂಶ ಹುಡುಕುವವನಿಗೆ ಉದಾರಿಯಾದ ದೊರೆಗಿಂತ ತೆರಿಗೆಯಲ್ಲಿ ಬಿಗಿಯಾದ ದೊರೆಯೇ ಲೇಸು!

ಹೊಳೆಯ ಈಚೆ, ಹಳೆಯ ಮೈಸೂರಿನಲ್ಲಿ, ಊರಿನ ನೆನಪನ್ನು ಹೊತ್ತವರು ಶಾನುಭೋಗರು. ಅವರ ಕೈಯಲ್ಲಿದ್ದದ್ದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕ; ಅದರ ಮೇಲೆ ಬಳಪದ ಬರೆಹ. ಮಳೆ ತಾಗದಂತೆ ಇಟ್ಟರೆ ತಲೆಮಾರುಗಟ್ಟಲೆ ಬಾಳುತ್ತದೆ. ಬೆರಳಿಗೆ ಎಂಜಲು ಹಚ್ಚಿ ಒರಸಿದರೆ ಒಂದು ಕ್ಷಣದಲ್ಲಿ ಅಳಿಯುತ್ತದೆ. ಒರಸಿದ ಜಾಗದಲ್ಲಿ ಇನ್ನೊಬ್ಬನ ಹೆಸರು ಬಂದು ಕುಳಿತರೆ ಕಡತ ಬಾಯಿಬಿಡುವುದಿಲ್ಲ. ಊರಿನ ಎಷ್ಟೋ ಹಳೆಯ ವ್ಯಾಜ್ಯಗಳ ಬೀಜ ಇಲ್ಲಿದೆ.

ಆದುದರಿಂದ 1863ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಂದಾಯದ ಸರ್ವೆ, 1866ರ ಇನಾಂ ಕಮಿಷನ್, 1871ರ ಮೊದಲನೆಯ ಖಾನೇಷುಮಾರಿ ಇವು ವಂಶಶೋಧಕನ ಪಾಲಿಗೆ ಗಟ್ಟಿನೆಲ. ಆದರೆ ಖಾನೇಷುಮಾರಿ ತಲೆಗಳನ್ನು ಎಣಿಸಿತೇ ಹೊರತು ಮನೆತನಗಳ ಕಥೆಯನ್ನು ಹೇಳಲಿಲ್ಲ. ಸರ್ವೆ ನೆಲವುಳ್ಳವನನ್ನು ಕಂಡಿತೇ ಹೊರತು ಆ ನೆಲದಲ್ಲಿ ದುಡಿದವನನ್ನು ಕಾಣಲಿಲ್ಲ. ಹೊಲಗೇರಿಯಿಂದ ಹೊರಟು ಓದಿ ಮೇಲೆ ಬಂದ ಮೊಮ್ಮಗನೊಬ್ಬ ತನ್ನ ಹಿರಿಯರನ್ನು ಈ ಪುಸ್ತಕಗಳಲ್ಲಿ ಹುಡುಕಿದರೆ ಪುಟಕ್ಕೆ ಪುಟ ಬರಿದು. ಅವನಿಗೆ ಇರುವ ಒಂದು ಬಾಗಿಲು ಊರ ಚಾಕರಿಯ ಇನಾಮುಗಳು. ತೋಟಿ, ತಳವಾರ, ನೀರಗಂಟಿ ಇವರಿಗೆ ಚಾಕರಿಗಾಗಿ ಬಿಟ್ಟ ತುಂಡುನೆಲದ ಲೆಕ್ಕ ಅಲ್ಲಿರುತ್ತದೆ. ಕಾವೇರಿಯ ಕಾಲುವೆಗಳ ಸೀಮೆಯಲ್ಲಿ ಗದ್ದೆಯಿಂದ ಗದ್ದೆಗೆ ನೀರು ತಿರುಗಿಸುವ ನೀರಗಂಟಿಯಿಲ್ಲದೆ ಒಂದು ಪೈರೂ ಏಳುತ್ತಿರಲಿಲ್ಲ. ಅವನ ಹೆಸರಾದರೂ ಕಾಗದಕ್ಕೆ ಬಂದುದು ಅದರಿಂದ. ಮುಂದೆ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆ, ತೋಟಿ ತಳವಾರಿಕೆ ಎಲ್ಲವೂ ಹೋದವು. ಚಾಕರಿಯ ಜಮೀನನ್ನು ಮತ್ತೆ ಮಂಜೂರು ಮಾಡಿಸಿಕೊಳ್ಳಬೇಕಾದವರು ತಾವು ಯಾರ ಮಕ್ಕಳು, ಯಾರ ಮೊಮ್ಮಕ್ಕಳು ಎಂಬುದನ್ನು ಕಾಗದದಲ್ಲಿ ತೋರಿಸಬೇಕಾಯಿತು. ಅರಸುಗಳು ಸಾವಿರ ವರ್ಷ ಕೇಳದ ಪ್ರಶ್ನೆಯನ್ನು ತಾಲ್ಲೂಕು ಕಚೇರಿ ಕೇಳಿತು. ಹಲವು ಬಡಮನೆತನಗಳ ಮೊದಲ ವಂಶಾವಳಿ ಆ ಫೈಲುಗಳ ಹೊಟ್ಟೆಯಲ್ಲಿದೆ. ಗೆದ್ದಲು ಮುಟ್ಟುವ ಮೊದಲು ಅವುಗಳನ್ನು ಮುಟ್ಟುವವರು ಬೇಕು.

ಹೆಸರು ಸಿಕ್ಕ ಮಾತ್ರಕ್ಕೆ ಕಾಲ ಸಿಕ್ಕಿತೆಂದು ಹಿಗ್ಗಬಾರದು. ಜಾತಕದಲ್ಲಿ ಸಂವತ್ಸರದ ಹೆಸರು ಮಾತ್ರ ಇರುವುದುಂಟು. ‘ಧಾತು ಸಂವತ್ಸರದಲ್ಲಿ ಜನನ’ ಎಂದರೆ 1816 ಆಗಬಹುದು, 1876 ಆಗಬಹುದು, 1936 ಆಗಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇದಕ್ಕೆ ಕೂಡಿತೆಂದರೆ ಇಬ್ಬರು ತಿಮ್ಮೇಗೌಡರು ಒಬ್ಬನಾಗಿ, ನಡುವಣ ಅರವತ್ತು ವರ್ಷ ಮಾಯವಾಗುತ್ತದೆ. ಇಂಥ ಕಡೆ ನಾಡಿನ ಸಂಕಟಗಳೇ ದಾರಿ ತೋರಿಸಬೇಕು. 1876–78ರ ಮಹಾಕ್ಷಾಮ ಜನರ ಬಾಯಲ್ಲಿ ಧಾತು ಈಶ್ವರ ಬರ. 1871ರಲ್ಲಿ 50 ಲಕ್ಷ 55 ಸಾವಿರವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ‘ಬರದಲ್ಲಿ ಊರು ಬಿಟ್ಟು ಬಂದೆವು’ ಎಂದು ಮನೆಯಲ್ಲಿ ಮಾತುಳಿದಿದ್ದರೆ ಅದು ಜಾತಕಕ್ಕಿಂತ ಹೆಚ್ಚಿನ ಗುರುತು. ಎಷ್ಟೋ ವಂಶಾವಳಿಗಳು ಆ ಎರಡು ವರ್ಷಗಳ ಗೋಡೆಗೆ ಬಡಿದು ನಿಂತುಬಿಡುತ್ತವೆ. ಗೋಡೆಯಾಚೆ ಇದ್ದವರ ಹೆಸರನ್ನು ಹೇಳಲು ಯಾರೂ ಉಳಿದಿರಲಿಲ್ಲ.

ಕಾಗದವೂ ಕಲ್ಲೂ ಕೈಬಿಟ್ಟ ಕಡೆ ಕನ್ನಡನಾಡಿನಲ್ಲಿ ಇನ್ನೊಂದು ದಾರಿಯಿತ್ತು. ಕಣಜ ತುಂಬಿದ ಕಾಲಕ್ಕೆ ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಹೆಳವರು ಬರುತ್ತಿದ್ದರು. ಮನೆಯ ಮುಂದೆ ನಿಂತು ಆ ಮನೆಯ ಮೂಲಸ್ಥಾನ, ಬೆಡಗು, ಹಿರಿಯರ ಹೆಸರು, ಯಾವ ಕಾಲದಲ್ಲಿ ಯಾವ ಊರನ್ನು ಬಿಟ್ಟು ಬಂದರೆಂಬುದು, ಎಲ್ಲವನ್ನೂ ಉಸಿರು ಬಿಡದೆ ಹೇಳುವರು. ದವಸ, ಬಟ್ಟೆ, ಒಂದೊಂದು ವೇಳೆ ಕರುವೊಂದು ಅವರಿಗೆ ಕಾಣಿಕೆ. ಇಂಥಿಂಥ ಸೀಮೆ ಇಂಥಿಂಥ ಹೆಳವರದೆಂದು ಅವರಲ್ಲಿ ಹಂಚಿಕೆ. ತಂದೆಯ ಸೀಮೆ ಮಗನಿಗೆ. ಪುಸ್ತಕಗಳನ್ನಿಟ್ಟುಕೊಂಡು ಈ ವೃತ್ತಿಯನ್ನು ನಡೆಸುವವರು ಇಂದಿಗೂ ನಾಡಿನಲ್ಲಿ ಇದ್ದಾರೆ. ದಾನ ಕೊಡುವವನ ವಂಶವನ್ನು ಹೊಗಳದೆ ಇರಲು ಅವರೇನು ನ್ಯಾಯಾಧೀಶರಲ್ಲ, ನಕುಲಾರ್ಯನೂ ಆಗಿರಲಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಸಂಧಿವಿಗ್ರಹಿ ಬರೆದದ್ದು ದೊರೆಯ ವಂಶವನ್ನು. ಹೆಳವ ಹೇಳಿದ್ದು ಉಳುವವನ ವಂಶವನ್ನು.

ಇವೆಲ್ಲದರಲ್ಲಿಯೂ ಒಂದು ಕೊರತೆ ಉಳಿದೇ ಉಳಿಯುತ್ತದೆ. ಸರ್ವೆಯಲ್ಲಾಗಲಿ ಕಡತದಲ್ಲಾಗಲಿ ಹೆಂಗಸರು ಅಪರೂಪ. ಮಾಸ್ತಿಕಲ್ಲಿನ ಮೇಲೆ ಬಳೆ ತೊಟ್ಟ ಕೈಯೊಂದು ಮೇಲಕ್ಕೆ ಎದ್ದಿರುತ್ತದೆ; ಎಷ್ಟೋ ಕಡೆ ಅದರ ಕೆಳಗೆ ಹೆಸರಿಲ್ಲ. ಪೋಚಬ್ಬರಸಿಗೆ ದೊರೆತ ಭಾಗ್ಯ ಎಲ್ಲರಿಗೂ ದೊರೆಯಲಿಲ್ಲ. ಆದುದರಿಂದ ಕೊಣನೂರಿಗೆ ಹೋದವನು ಕಚೇರಿಯ ಬಾಗಿಲು ತೆರೆಯುವ ಮೊದಲು ಊರಿನ ಹಿರಿಯ ಹೆಂಗಸರ ಹತ್ತಿರ ಕುಳಿತುಕೊಳ್ಳುವುದು ಮೇಲು. ಯಾವ ಮನೆಗೆ ಎಲ್ಲಿಂದ ಹೆಣ್ಣು ಬಂತು, ಯಾವ ಮನೆಯವರು ಯಾವ ಊರಿನ ಜಾತ್ರೆಗೆ ತಪ್ಪದೆ ಹೋಗುತ್ತಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ. ಮನೆದೇವರನ್ನು ಕೇಳಬೇಕು. ಜಮೀನು ಮಾರಿ ಊರು ಬಿಟ್ಟವರೂ ಮನೆದೇವರನ್ನು ಬಿಡುವುದಿಲ್ಲ. ದೇವರಿದ್ದ ಊರೇ ಬಹುಮಟ್ಟಿಗೆ ಹಿರಿಯರಿದ್ದ ಊರು. ಯಾವ ಆಳಿಕೆಯೂ ಇದನ್ನು ಬರೆದುಕೊಳ್ಳಲಿಲ್ಲ, ಆದುದರಿಂದ ತಿದ್ದಲೂ ಇಲ್ಲ.

ಹೋಗುವುದಾದರೆ ಹೊಳೆ ಇಳಿದು, ಸುಗ್ಗಿ ಮುಗಿದು, ಜನಕ್ಕೆ ಮಾತಾಡಲು ಬಿಡುವಾದ ಮೇಲೆ ಹೋಗಬೇಕು. ಮಾರ್ಗಶಿರದ ಷಷ್ಠಿಗೆ ರಾಮನಾಥಪುರದಲ್ಲಿ ಸುಬ್ರಹ್ಮಣ್ಯಸ್ವಾಮಿಯ ತೇರು. ಸುತ್ತಿನ ಮೂರು ಸೀಮೆಯ ನೆಂಟರೂ ಅಲ್ಲಿ ಒಟ್ಟಿಗೆ ಸಿಗುತ್ತಾರೆ. ಕೊಡಗಿಗೆ ಕೊಟ್ಟ ಹೆಣ್ಣುಮಕ್ಕಳ ಮಕ್ಕಳು, ಬೆಟ್ಟದಪುರದ ಕಡೆಯ ಬೀಗರು, ಅರಕಲಗೂಡಿನ ದಾಯಾದಿಗಳು ತೇರಿನ ಬೀದಿಯಲ್ಲಿ ಒಬ್ಬರನ್ನೊಬ್ಬರು ಕಂಡು ನಿಲ್ಲುತ್ತಾರೆ. ಹೊಸಬನನ್ನು ಕಂಡರೆ ಅಲ್ಲಿಯೂ ಅದೇ ಪ್ರಶ್ನೆ: “ಯಾರ ಪೈಕಿಯಪ್ಪಾ ನೀನು?” ತಂದೆಯ ಹೆಸರು ಹೇಳಿದರೆ ಹಿರಿಯರೊಬ್ಬರು ತಲೆ ಅಲ್ಲಾಡಿಸಿ ಸುಮ್ಮನಾದಾರು. ಅಜ್ಜಿಯ ತವರಿನ ಹೆಸರು ಹೇಳಿದರೆ, “ಅವರಾ? ಹಾಗಾದರೆ ಬಾ, ಕೂತ್ಕೋ” ಎಂದು ಜಗಲಿಯ ಮೇಲೆ ಜಾಗ ಬಿಟ್ಟಾರು.